ವಾಲಸ್‌ನ ನಾಲ್ಕು ಹಂತವೋ, ಡಬಲ್ ಡೈಮಂಡೋ?

ಹೊಸ ಐಡಿಯಾ ಹುಡುಕಿ ಬೆಳೆಸುವ ಎರಡು ದಾರಿಗಳಿವು. ಎರಡರಲ್ಲೂ ಹಂತಗಳು ನಾಲ್ಕೇ. ಸ್ವಭಾವ ಮಾತ್ರ ಬೇರೆ.

ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಹೇಳಿದ ಕ್ರಮ ಇದು: ತಯಾರಿ, ಕಾವಿಗೆ ಕೂರುವುದು, ಹೊಳೆಯುವುದು, ಪರೀಕ್ಷಿಸುವುದು. ನನಗೆ ಇಷ್ಟ ಎರಡನೆಯದು. ಸ್ಕೆಚ್‌ಬುಕ್ ಮುಚ್ಚಿಟ್ಟು ಸುಮ್ನೆ ಒಂದು ಸುತ್ತು ನಡೆದು ಬಂದರೂ ಅದು ಕೆಲಸವೇ! (ಮೇಷ್ಟ್ರು ಒಪ್ಪಬೇಕಷ್ಟೇ.) ಸ್ವಂತ ಪೇಂಟಿಂಗ್ ಮಾಡುವವರಿಗೆ ಇದು ಹೊಂದುತ್ತದೆ. ಆದರೆ ಯಾವಾಗ ಹೊಳೆಯುತ್ತದೋ ಹೇಳೋಕಾಗಲ್ಲ. ಸಬ್ಮಿಶನ್ ದಿನ ಅದಕ್ಕಾಗಿ ಕಾಯುವುದಿಲ್ಲ, ಅಲ್ವಾ?

ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2004ರಲ್ಲಿ ತಂದದ್ದು ಡಬಲ್ ಡೈಮಂಡ್. ಹುಡುಕು, ಸಮಸ್ಯೆ ಗುರುತಿಸು, ಬೆಳೆಸು, ಮುಗಿಸು. ಇಲ್ಲಿ ಎರಡು ಸಲ ಹರಡಿಕೊಂಡು, ಎರಡು ಸಲ ಆರಿಸಿಕೊಳ್ಳಬೇಕು. ಅಂದರೆ 20 ಪುಟ್ಟ ಸ್ಕೆಚ್ ಹಾಕಿ, 2 ಉಳಿಸಿಕೊಳ್ಳಿ. ಪೋಸ್ಟರ್, ಪ್ಯಾಕೇಜಿಂಗ್, ಗುಂಪಿನ ಪ್ರಾಜೆಕ್ಟ್ ಇದ್ದರೆ ಇದನ್ನೇ ಹಿಡಿಯಿರಿ.