96 ಪರ್ಸೆಂಟ್ ಗ್ಯಾಸ್ ಫರ್ನೇಸ್: ಏಳು ಚಳಿಗಾಲ ಕಳೆದ ಮೇಲೆ

2018ರ ಅಕ್ಟೋಬರಿನಲ್ಲಿ ಅಮೆರಿಕದ ಮಿನಿಯಾಪೊಲಿಸ್ ಹತ್ತಿರದ ನಮ್ಮ ಮನೆಗೆ, ಗ್ಯಾಸ್ ಉರಿಸಿ ಮನೆಯನ್ನು ಬೆಚ್ಚಗಿಡುವ ಈ ಫರ್ನೇಸ್ ಹಾಕಿಸಿದೆವು. ಉರಿದ ಗ್ಯಾಸಿನ ಬಿಸಿಯಲ್ಲಿ 96 ಪರ್ಸೆಂಟ್ ಮನೆಗೇ ಸಿಗುತ್ತದೆ ಅನ್ನುವುದು ಹೆಸರಿನ ಲೆಕ್ಕ. ಮೂರೇ ತಿಂಗಳಿಗೆ ಪರೀಕ್ಷೆ ಬಂತು. 2019ರ ಜನವರಿ 30ರ ಬೆಳಗ್ಗೆ ಹೊರಗೆ ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್. ಒಳಗೆ ಮಾತ್ರ 68 ಫ್ಯಾರನ್‌ಹೀಟ್ ಕದಲಲಿಲ್ಲ. ಮೆಷಿನ್ ಒಳ್ಳೆಯದೇ. ಆಮೇಲೆ ಬಂದ ತೊಂದರೆಗಳಲ್ಲಿ ಬೆಂಕಿಯದು ಒಂದೂ ಇಲ್ಲ. ಎಲ್ಲ ಧೂಳು ಮತ್ತು ನೀರಿನವು.

ನೀರು ಎಲ್ಲಿಂದ ಅಂತೀರಾ? ಹಳೆಯ 80 ಪರ್ಸೆಂಟ್ ಫರ್ನೇಸಿನಲ್ಲಿ ಬಿಸಿ ಹೊಗೆ ಹಾಗೇ ಚಿಮಣಿಯಲ್ಲಿ ಹೋಗುತ್ತಿತ್ತು. ಇದು ಆ ಬಿಸಿಯನ್ನೂ ಹಿಂಡಿಕೊಳ್ಳುತ್ತದೆ. ಹೊಗೆ ತಣ್ಣಗಾಗಿ ಅದರಲ್ಲಿನ ಹಬೆ ನೀರಾಗುತ್ತದೆ. ಆ ನೀರು ಹೋಗುವ ಸಣ್ಣ ಪೈಪಿನಲ್ಲಿ ಲೋಳೆ ಕಟ್ಟಿಕೊಂಡರೆ ಫರ್ನೇಸ್ ತಾನೇ ನಿಂತುಬಿಡುತ್ತದೆ. ಮೂರನೇ ವರ್ಷ ನಮಗೆ ಆಗಿದ್ದು ಇದೇ. ಈಗ ಸೆಪ್ಟೆಂಬರಿನಲ್ಲೇ ಪೈಪ್ ಬಿಚ್ಚಿ ತೊಳೆದು, ಟ್ರ್ಯಾಪಿಗೆ (ಪೈಪಿನಲ್ಲಿ ಸ್ವಲ್ಪ ನೀರು ನಿಂತು ಹೊಗೆ ಹೊರಬರದಂತೆ ತಡೆಯುವ ಭಾಗ) ಮತ್ತೆ ನೀರು ತುಂಬಿಸಿಡುತ್ತೇನೆ.

ಫಿಲ್ಟರ್ ವಿಷಯದಲ್ಲಿ ಅತಿಬುದ್ಧಿ ತೋರಿಸಿದ್ದು ನಾನೇ. ದುಬಾರಿಯದು ಒಳ್ಳೆಯದು ಅಂದುಕೊಂಡು ಒಂದಿಂಚಿನ ಮರ್ವ್ 13 ತಂದು ಹಾಕಿದೆ. ಮರ್ವ್ ಅಂದರೆ ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತದೆ ಅನ್ನುವ ಅಳತೆ, ಅಂಕಿ ಹೆಚ್ಚಿದಷ್ಟೂ ಹೆಚ್ಚು ಹಿಡಿಯುತ್ತದೆ. ಮನೆಯೆಲ್ಲ ಗಾಳಿ ಹರಿಸುವ ನಮ್ಮ ಡಕ್ಟಿಗೆ ಅದು ಜಾಸ್ತಿಯಾಯಿತು. ಗಾಳಿ ಸಾಲದೆ ಒಳಗೆ ಕಾವು ಏರಿ, ಬರ್ನರ್ ಪದೇ ಪದೇ ಆರಿ ಹೊತ್ತಿಕೊಳ್ಳುತ್ತಿತ್ತು. ಮರ್ವ್ 8ಕ್ಕೆ ಇಳಿದ ಮೇಲೆ ಸರಿಹೋಯಿತು. ಡಬ್ಬದ ಮೇಲೆ ಮೂರು ತಿಂಗಳು ಬಾಳುತ್ತದೆ ಅಂತ ಬರೆದಿದ್ದಾರೆ. ದಿನಾ ಒಗ್ಗರಣೆ ಹಾಕುವ ಮನೆಗೆ ಆ ಲೆಕ್ಕ ನಡೆಯಲ್ಲ ಬಿಡಿ. ಒಂದೂವರೆ ತಿಂಗಳಿಗೇ ಹಳದಿ ಜಿಡ್ಡು.

2021ರ ಡಿಸೆಂಬರಿನ ಒಂದು ರಾತ್ರಿ ಬೇರೆಯೇ ಕಥೆ. ಬೆಂಕಿ ಹೊತ್ತುತ್ತದೆ, ಕೆಲವೇ ಸೆಕೆಂಡಿಗೆ ಆರುತ್ತದೆ. ತುರ್ತು ಕರೆಗೆ ಬಂದ ಟೆಕ್ನಿಶಿಯನ್ ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಕಡ್ಡಿ ತೆಗೆದು, ಹಗುರವಾಗಿ ಉಜ್ಜಿ, ಮತ್ತೆ ಸಿಕ್ಕಿಸಿದ. ಐದು ನಿಮಿಷ, 189 ಡಾಲರ್! ಅದು ಫ್ಲೇಮ್ ಸೆನ್ಸರ್. ಅದಕ್ಕೆ ಕಿಟ್ಟ ಹಿಡಿದರೆ ಬೆಂಕಿ ಉರಿಯುತ್ತಿರುವುದು ಫರ್ನೇಸ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಗೊತ್ತಾಗದೆ, ಗ್ಯಾಸ್ ಮುಚ್ಚಿಬಿಡುತ್ತದೆ. ಊರಲ್ಲಿ ಬಚ್ಚಲ ಒಲೆಯ ಬೂದಿ ತೆಗೆಯದೆ ಉರಿ ಹಾಕಿದರೆ ಅಜ್ಜಿ ಬೈಯುತ್ತಿದ್ದರು. ಇಲ್ಲಿ ಬೈಯುವವರಿಲ್ಲ, ಬಿಲ್ ಬರುತ್ತದೆ.

ಆಮೇಲೆ ವರ್ಷದ ಸರ್ವಿಸ್ ಪ್ಲಾನ್ ತಗೊಂಡೆ. ಸೆನ್ಸರ್, ಬರ್ನರ್, ಗ್ಯಾಸ್ ಒತ್ತಡ ನೋಡುವ ಮಟ್ಟಿಗೆ ದುಡ್ಡಿಗೆ ಮೋಸವಿಲ್ಲ. ಗ್ಯಾಸಿನ ಕೆಲಸಕ್ಕೆ ನಾನಂತೂ ಕೈ ಹಾಕಲ್ಲ. ಆದರೆ ಒಂದು ಸಲ ಬಂದವನು ಕಾಲು ಗಂಟೆ ಕೆಲಸ ಮಾಡಿ, ಅರ್ಧ ಗಂಟೆ ಡಕ್ಟ್ ಕ್ಲೀನಿಂಗ್ ಮಾರಲು ನೋಡಿದ. ಸುಮ್ನೆ ಬೇಡ ಅನ್ನಿ. ಸರ್ವಿಸ್ ಮಾಡಿಸಲು ನವೆಂಬರಿಗೆ ಕಾಯಬೇಡಿ, ಆಗ ದಿನಾಂಕವೇ ಸಿಗಲ್ಲ.

ಹೊರಗೋಡೆಯ ಎರಡು ಬಿಳಿ ಪೈಪುಗಳ (ಒಂದು ಗಾಳಿ ಎಳೆಯಲು, ಇನ್ನೊಂದು ಹೊಗೆ ಬಿಡಲು) ಮುಂದಿನ ಹಿಮವನ್ನು ನೀವೇ ತೆಗೆಯಬೇಕು. ಅದು ಯಾವ ಪ್ಲಾನಿನಲ್ಲೂ ಇಲ್ಲ. ಅವು ಮುಚ್ಚಿಕೊಂಡರೆ ಫರ್ನೇಸ್ ನಿಲ್ಲಬಹುದು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಒಳಗೆ ಬರುವ ಅಪಾಯವೂ ಇದೆ. ಮಲಗುವ ಕೋಣೆಗಳಿಂದ 10 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು ಅಂತ ನಮ್ಮ ರಾಜ್ಯ ಮಿನೆಸೋಟದಲ್ಲಿ ಕಾನೂನೇ ಇದೆ. ಅದರ ಬ್ಯಾಟರಿಯನ್ನೂ ಆಗಲೇ ನೋಡಿಬಿಡಿ.

ಮೊದಲ ದಿನ ಹೀಟ್ ಹಾಕಿದಾಗ ಸುಟ್ಟ ವಾಸನೆ ಬರುತ್ತದೆ, ಬೇಸಿಗೆಯ ಧೂಳು ಅದು. ಶಿವಮೊಗ್ಗದಿಂದ ಬಂದಿದ್ದ ಅಮ್ಮ "ಲೋ, ಏನೋ ಸುಡ್ತಾ ಇದೆ ನೋಡೋ" ಅಂತ ಮನೆಯೆಲ್ಲ ಎಬ್ಬಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಹೋಗದಿದ್ದರೆ ಆಫ್ ಮಾಡಿ ಫೋನ್ ಮಾಡಿ.

ಮೆಷಿನ್‌ಗೆ ಐದಕ್ಕೆ ನಾಲ್ಕೂವರೆ, ಸರ್ವಿಸ್ ಪ್ಲಾನ್‌ಗೆ ಮೂರು.