ಹೆಸರಿಲ್ಲದೆ ಮರಳಿ ಬಂದ ಹಾಡುಗಳು: ಫೋಟೋರೆಕ್ ಜೊತೆ ಐದು ವರ್ಷ

ಫೋಟೋರೆಕ್ ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿ ಕಳೆದುಹೋದ ಫೈಲನ್ನು ಹುಡುಕಿ ಕೊಡುತ್ತದೆ, ಅದರ ಹೆಸರನ್ನು ಕೊಡುವುದಿಲ್ಲ. ಇದೊಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ 2019ರ ಡಿಸೆಂಬರಿನ ಆ ಬೆಳಗಿನ ಜಾವ ನಾನು ಅಷ್ಟು ಕಂಗೆಡುತ್ತಿರಲಿಲ್ಲ. ಪರದೆಯ ಮೇಲೆ 41,300 ಫೈಲುಗಳು ಸಿಕ್ಕಿವೆ ಎಂದಿತ್ತು. ಸಂತೋಷದಿಂದ ಫೋಲ್ಡರ್ ತೆರೆದೆ. ಒಂದಲ್ಲ, 83 ಫೋಲ್ಡರುಗಳು, ಒಂದೊಂದರಲ್ಲಿ ಐನೂರರಂತೆ. ಒಳಗೆ 'ಎಫ್' ಎಂಬ ಅಕ್ಷರ, ಅದರ ಮುಂದೆ ಸಾಲಾಗಿ ಅಂಕಿಗಳು. ಅದರ ಕೆಳಗೆ ಮತ್ತೊಂದು 'ಎಫ್', ಮತ್ತಷ್ಟು ಅಂಕಿಗಳು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನೆಲ್ಲ ಒಂದೇ ಕಡೆ ಕೂರಿಸಿ, ನಿಮ್ಮವರು ಯಾರೋ ನೋಡಿಕೊಳ್ಳಿ ಎಂದ ಹಾಗಿತ್ತು.

ಕಳೆದದ್ದು ಏನೆಂದು ಹೇಳದಿದ್ದರೆ ಈ ಸಿಟ್ಟು ಅರ್ಥವಾಗುವುದಿಲ್ಲ. ನಾನು ಶಿರಸಿ ಕಡೆಯ ಶಾಲಾ ಶಿಕ್ಷಕ. 2008ರಿಂದ ರಜೆ ಸಿಕ್ಕಾಗಲೆಲ್ಲ ಶಿರಸಿ, ಸಿದ್ದಾಪುರದ ಹಳ್ಳಿಗಳಿಗೆ ಹೋಗಿ ವಯಸ್ಸಾದ ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಬೀಸುವ ಪದ, ತೊಟ್ಟಿಲ ಹಾಡು, ಹೀಗೆ 214 ಮುದ್ರಣಗಳು. ಊರು, ಹಾಡಿದವರು, ಹಾಡಿನ ಮೊದಲ ಸಾಲು, ಈ ಮೂರನ್ನೂ ಫೈಲಿನ ಹೆಸರಿನಲ್ಲೇ ಬರೆದಿಡುತ್ತಿದ್ದೆ. ಬೇರೆ ಪಟ್ಟಿ ಇರಲಿಲ್ಲ. ಹೆಸರೇ ಪಟ್ಟಿ.

ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ವಿಂಡೋಸ್ ಹೊಸದಾಗಿ ಹಾಕಲು ಕುಳಿತಾಗ ಆದ ಅನಾಹುತ ಇದು. ಎಲ್ಲಿ ಹಾಕಬೇಕೆಂದು ಕೇಳುವ ಪರದೆಯಲ್ಲಿ ಡಿಸ್ಕಿನ ಎರಡು ವಿಭಾಗಗಳಿಗೆ ಒಂದೇ ಹೆಸರಿತ್ತು, 'ನ್ಯೂ ವಾಲ್ಯೂಮ್'. ಹಾಡುಗಳಿಗೆ ಅಷ್ಟು ಜೋಪಾನವಾಗಿ ಹೆಸರಿಟ್ಟಿದ್ದವನು ಅವುಗಳನ್ನು ಇಟ್ಟ ವಿಭಾಗಕ್ಕೆ ಹೆಸರಿಟ್ಟಿರಲಿಲ್ಲ. ಫಾರ್ಮ್ಯಾಟ್ ಒತ್ತಿದೆ. ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಿತು. ಖಾಲಿ ಜಾಗದ ಅಂಕಿ ನೋಡಿದಾಗ ಕೈಕಾಲು ತಣ್ಣಗಾದವು. ಮುಂದಿನ ಗುಂಡಿ ಒತ್ತದೆ ಅಲ್ಲಿಗೇ ಕಂಪ್ಯೂಟರ್ ಆರಿಸಿದೆ. ಆ ಇಡೀ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಏಕೆಂದರೆ ಆ ನಾಲ್ಕೈದು ಸೆಕೆಂಡಿನಲ್ಲಿ ಅಳಿಸಿಹೋಗಿದ್ದು ಯಾವ ಫೈಲು ಎಲ್ಲಿದೆ ಎಂಬ ಲೆಕ್ಕದ ಪುಸ್ತಕದ ಮೊದಲ ಕೆಲವು ಹಾಳೆಗಳು ಮಾತ್ರ. ಹಾಡುಗಳು ಇದ್ದಲ್ಲಿಯೇ ಇದ್ದವು. ಕ್ವಿಕ್ ಫಾರ್ಮ್ಯಾಟ್ ಎಂದರೆ ಅಷ್ಟೇ. ಅದೇ ನಿಧಾನದ, ಪೂರ್ತಿ ಫಾರ್ಮ್ಯಾಟ್ ಆಗಿದ್ದರೆ ಕಥೆ ಮುಗಿಯುತ್ತಿತ್ತು. ವಿಸ್ಟಾ ಬಂದ ಮೇಲಿನ ವಿಂಡೋಸ್‌ಗಳು ಪೂರ್ತಿ ಫಾರ್ಮ್ಯಾಟಿನಲ್ಲಿ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತವೆ. ಸೊನ್ನೆಯ ಅಡಿಯಿಂದ ಯಾವ ಸಾಫ್ಟ್‌ವೇರೂ ಏನನ್ನೂ ಎತ್ತಲಾರದು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೇಳಿದಾಗ ಹದಿನೆಂಟು ಸಾವಿರ ಎಂದರು, ಸಿಗುವ ಭರವಸೆ ಇಲ್ಲ ಎಂದೂ ಸೇರಿಸಿದರು. ಹಣ ಕೊಟ್ಟು ಕೊಳ್ಳುವ ಒಂದು ಸಾಫ್ಟ್‌ವೇರ್ ಪಟ್ಟಿಯನ್ನೆಲ್ಲ ತೋರಿಸಿ, ಉಳಿಸಿಕೊಳ್ಳುವ ಹೊತ್ತಿಗೆ ಕಾರ್ಡಿನ ಸಂಖ್ಯೆ ಕೇಳಿತು. ಫೋಟೋರೆಕ್ ಉಚಿತ, ಮುಕ್ತ ತಂತ್ರಾಂಶ. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದದ್ದು, ಟೆಸ್ಟ್‌ಡಿಸ್ಕ್ ಎಂಬ ಸೋದರ ತಂತ್ರಾಂಶದ ಜೊತೆಗೇ ಬರುತ್ತದೆ. ಆದರೂ ನನಗೆ 4,200 ರೂಪಾಯಿ ಖರ್ಚಾಯಿತು. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಬರೆಯುವಂತಿಲ್ಲವಲ್ಲ, ಬರೆದರೆ ಇನ್ನೂ ಸಿಗದಿರುವ ಫೈಲುಗಳ ಮೇಲೆಯೇ ಬರೆದಂತಾಗುತ್ತದೆ. ಹಾಗಾಗಿ ಇನ್ನೊಂದು ಡಿಸ್ಕ್ ಕೊಂಡೆ. ಬಳಸುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಡಿಸ್ಕನ್ನು ಅಣ್ಣನ ಮಗನ ಕಂಪ್ಯೂಟರಿಗೆ ಜೋಡಿಸಿ ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆವು. ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಕೆಲಸ ಮಾಡುವುದಿಲ್ಲ, ಬಾಣದ ಗುಂಡಿಗಳು ಮತ್ತು ಎಂಟರ್ ಮಾತ್ರ. (ಮೌಸ್ ಬೇಕೆನ್ನುವವರಿಗೆ ಕ್ಯೂಫೋಟೋರೆಕ್ ಇದೆ, ನಾನು ಹಳೆಯದಕ್ಕೇ ಒಗ್ಗಿಕೊಂಡೆ.) ರಾತ್ರಿ ಎರಡೂವರೆಗೆ ಕರೆಂಟು ಹೋಯಿತು. ಅಲ್ಲಿ ಯುಪಿಎಸ್ ಇರಲಿಲ್ಲ. ನಾಲ್ಕಕ್ಕೆ ಕರೆಂಟು ಬಂದ ಮೇಲೆ ಇನ್ನು ಮೊದಲಿಂದ ಎಂದುಕೊಂಡು ಮತ್ತೆ ತೆರೆದರೆ, ಹಿಂದಿನ ಹುಡುಕಾಟವನ್ನೇ ಮುಂದುವರಿಸಲೇ ಎಂದು ಅದೇ ಕೇಳಿತು. ಎಲ್ಲಿಯವರೆಗೆ ಓದಿದ್ದೆನೆಂದು ಆಗಾಗ ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆಯಂತೆ. ನಮ್ಮ ಕಡೆಯ ಕರೆಂಟಿನ ಗುಣ ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಹೆಸರು ಏಕೆ ಬರುವುದಿಲ್ಲ ಎಂಬುದಕ್ಕೆ ಕಾರಣವಿದೆ. ಫೋಟೋರೆಕ್ ಲೆಕ್ಕದ ಪುಸ್ತಕವನ್ನು ನೋಡುವುದೇ ಇಲ್ಲ. ಡಿಸ್ಕನ್ನು ಒಂದು ತುದಿಯಿಂದ ಓದುತ್ತಾ ಹೋಗಿ ಫೈಲಿನ ಆರಂಭದ ಗುರುತನ್ನು ಹುಡುಕುತ್ತದೆ. ನನ್ನ ರೆಕಾರ್ಡರಿನ ವೇವ್ ಫೈಲುಗಳು 'ರಿಫ್' ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುತ್ತವೆ, ಅದರ ಬೆನ್ನಿಗೇ ಫೈಲು ಎಷ್ಟು ದೊಡ್ಡದು ಎಂಬ ಅಂಕಿ ಇರುತ್ತದೆ. ಅಷ್ಟನ್ನು ಅಳೆದು ಕತ್ತರಿಸಿ ಕೊಡುತ್ತದೆ. ಹೆಸರು ಮತ್ತು ಫೋಲ್ಡರಿನ ವಿವರ ಇರುವುದು ಲೆಕ್ಕದ ಪುಸ್ತಕದಲ್ಲಿ, ಫೈಲಿನೊಳಗೆ ಅಲ್ಲ.

ಇದು ತಿಳಿದ ಮೇಲೂ ಎರಡು ವಾರ ಆ ಫೋಲ್ಡರುಗಳನ್ನು ಮುಟ್ಟಲು ಮನಸ್ಸಾಗಲಿಲ್ಲ. ಯಾವ ಬಗೆಯ ಫೈಲು ಬೇಕೆಂದು ಮೊದಲೇ ಗುರುತು ಹಾಕುವ ಅನುಕೂಲ ಅದರಲ್ಲಿದೆ. ನಾನು ಗಾಬರಿಯಲ್ಲಿ ಎಲ್ಲವನ್ನೂ ಬಿಟ್ಟಿದ್ದೆ. ಹಾಗಾಗಿ 41,300ರಲ್ಲಿ ಮುಕ್ಕಾಲು ಪಾಲು ಐಕಾನು, ಜಾಲತಾಣಗಳ ಚೂರು ಚಿತ್ರ, ಅರ್ಥವಿಲ್ಲದ ಪಠ್ಯ. ವೇವ್ ಫೈಲುಗಳನ್ನಷ್ಟೇ ಆರಿಸಿ ಒಂದೆಡೆ ಹಾಕಿದಾಗ 187 ಸಿಕ್ಕವು.

ಆಮೇಲೆ ಒಂದು ಸಂಜೆ ಗಮನಕ್ಕೆ ಬಂದದ್ದು ನನ್ನ ಸಿಟ್ಟನ್ನು ಅರ್ಧ ಇಳಿಸಿತು. 'ಎಫ್' ಮುಂದಿನ ಅಂಕಿ ಸುಮ್ಮನೆ ಕೊಟ್ಟದ್ದಲ್ಲ. ಆ ಫೈಲು ಯಾವ ಸೆಕ್ಟರಿನಿಂದ, ಅಂದರೆ ಡಿಸ್ಕಿನ ಯಾವ ಪುಟ್ಟ ಖಾನೆಯಿಂದ ಶುರುವಾಗುತ್ತದೋ ಅದರ ಸಂಖ್ಯೆ. ಮನೆಯ ಹೆಸರು ಅಳಿಸಿದ್ದರೂ ಬಾಗಿಲ ಮೇಲಿನ ನಂಬರು ಉಳಿದಿತ್ತು. ನಾನು ಪ್ರತಿ ಊರಿಂದ ಬಂದ ರಾತ್ರಿಯೇ ಮುದ್ರಣಗಳನ್ನೂ ಫೋಟೋಗಳನ್ನೂ ಒಟ್ಟಿಗೆ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಒಟ್ಟಿಗೆ ಇಳಿದವು ಡಿಸ್ಕಿನಲ್ಲೂ ಬಹುಪಾಲು ಅಕ್ಕಪಕ್ಕವೇ ಕೂತಿದ್ದವು. ಫೋಟೋದ ಒಳಗೆ ಕ್ಯಾಮೆರಾ ಬರೆದ ದಿನಾಂಕ ಹಾಗೆಯೇ ಉಳಿದಿರುತ್ತದೆ. ಅಂಕಿಗಳ ಕ್ರಮದಲ್ಲಿ ಜೋಡಿಸಿದಾಗ ಒಂದು ಅಂಗಳದ ಫೋಟೋ, ಅದರ ಹಿಂದೆಯೇ ಆರು ಹಾಡುಗಳು, ಮತ್ತೆ ಬೇರೊಂದು ಜಗಲಿಯ ಫೋಟೋ, ನಾಲ್ಕು ಹಾಡುಗಳು. ಹನ್ನೊಂದು ವರ್ಷದ ತಿರುಗಾಟ ಸಾಲಾಗಿ ಎದ್ದು ನಿಂತಿತು.

ಉಳಿದದ್ದನ್ನು ಅಮ್ಮ ಮಾಡಿದರು. ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ಅವರು ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು ಕೂರುತ್ತಿದ್ದರು. ನಾನು ದಿನಕ್ಕೆ ಹತ್ತು ಫೈಲು ಕೇಳಿಸುತ್ತಿದ್ದೆ. ಅವರು ಸುಣ್ಣ ಹಚ್ಚುತ್ತಾ ಕೇಳಿ, ಹಾಡಿದವರು ಯಾರು, ಯಾವ ಶಾಸ್ತ್ರದ ಹಾಡು ಎಂದು ಹೇಳುತ್ತಿದ್ದರು. ನಾನು ಹೆಸರು ಬರೆಯುತ್ತಿದ್ದೆ. ಎಷ್ಟೋ ಸಲ ಹಾಡು ಶುರುವಾಗುವ ಮೊದಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು. ಒಂದು ದಿನ ಬರೀ ಒಂದು ಬಾಗಿಲು ಕಿರುಗುಟ್ಟಿದ ಸದ್ದು ಕೇಳಿ, "ಇದು ದೊಡ್ಡಮ್ಮನ ಮನೆಯ ಹಿತ್ತಿಲ ಬಾಗಿಲು. ಆ ಬಾಗಿಲಿಗೆ ಎಣ್ಣೆ ಹಾಕಿ ಅಂತ ನಾನು ಎಷ್ಟು ಸಲ ಹೇಳಿದ್ದೆ" ಎಂದರು. ಮರುಕ್ಷಣ ದೊಡ್ಡಮ್ಮನ ದನಿ ಬಂತು. ಅದು ಬೀಸುವ ಪದ. ಕಲ್ಲು ಒಂದು ಸುತ್ತು ಬರುವಷ್ಟಕ್ಕೆ ಒಂದು ಸಾಲು. ದೊಡ್ಡಮ್ಮ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅಮ್ಮ ಎಲೆ ಮಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

ಹೆಸರುಗಳು ಸರಿಯಾಗಿ ಉಳಿದಿದ್ದರೆ ನಾನು ಅವನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿ ಸುಮ್ಮನಾಗುತ್ತಿದ್ದೆ. ಅಮ್ಮ ಈ ಹಾಡುಗಳನ್ನು ಮೊದಲ ಸಲ ಕೇಳಿದ್ದು ಆ ಜನವರಿಯಲ್ಲಿ. ಹಳೆಯ ಹೆಸರುಗಳಲ್ಲಿ ಇಲ್ಲದ ಸಂಗತಿಗಳು ಈಗಿನ ಹೆಸರುಗಳಲ್ಲಿವೆ: ಹಾಡಿದವರ ತವರು ಯಾವುದು, ಇದೇ ಹಾಡನ್ನು ಆಚೆ ಊರಿನಲ್ಲಿ ಹೇಗೆ ತಿರುಗಿಸುತ್ತಾರೆ ಎಂಬುದೆಲ್ಲ.

ದೊಡ್ಡಮ್ಮನ ಆ ಮುದ್ರಣ ಮೊದಲ ಸಲದ ಹುಡುಕಾಟದಲ್ಲಿ ಬಂದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಳತೆಗೆ ಸರಿಹೋಗದ, ತುಂಡಾದ ಫೈಲುಗಳನ್ನು ಫೋಟೋರೆಕ್ ತಾನಾಗಿಯೇ ಬಿಟ್ಟುಬಿಡುತ್ತದೆ. ಆಯ್ಕೆಗಳ ಪುಟದಲ್ಲಿ ಕೆಟ್ಟ ಫೈಲುಗಳನ್ನೂ ಇಟ್ಟುಕೊ ಎಂದು ಹೇಳಬಹುದು. ಎರಡನೆಯ ಸಲ ವೇವ್ ಮಾತ್ರ ಆರಿಸಿ, ಇದನ್ನೂ ಒತ್ತಿ ಓಡಿಸಿದಾಗ ಇನ್ನೂ ಒಂಬತ್ತು ಸಿಕ್ಕವು. ಕೆಲವು ಅರ್ಧಕ್ಕೇ ನಿಲ್ಲುತ್ತವೆ, ಎರಡರಲ್ಲಿ ನಡುವೆ ಗರಗರ ಸದ್ದು. ದೊಡ್ಡಮ್ಮನದು ಕೊನೆಯ ಎರಡು ನುಡಿ ಇಲ್ಲದೆ ನಿಂತುಹೋಗುತ್ತದೆ. ಫೈಲು ಡಿಸ್ಕಿನಲ್ಲಿ ಒಂದೇ ಉದ್ದಕ್ಕೆ ಇರದೆ ಎರಡು ಮೂರು ಕಡೆ ಹಂಚಿಹೋಗಿದ್ದರೆ ಮುಂದಿನ ತುಂಡು ಎಲ್ಲಿದೆಯೆಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ಒಟ್ಟು 196 ಬಂದವು. ಹದಿನೆಂಟು ಬರಲೇ ಇಲ್ಲ.

ಹಾಡಿನ ಸಾಲುಗಳನ್ನು ಬರೆದಿಟ್ಟ ವರ್ಡ್ ಫೈಲುಗಳೂ ಬಂದವು. ಅಲ್ಲಿ ಬೇರೆ ತೊಡಕು. ಹಳೆಯವೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಇದ್ದವು. ಕಂಪ್ಯೂಟರಿನ ಹುಡುಕುವ ಕಿಂಡಿಯಲ್ಲಿ 'ತೊಟ್ಟಿಲು' ಎಂದು ಬರೆದರೆ ಒಂದೂ ಸಿಗುವುದಿಲ್ಲ, ಏಕೆಂದರೆ ಫೈಲಿನೊಳಗೆ ಇರುವುದು ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರಗಳು. ವರ್ಡಿನಲ್ಲಿ ನುಡಿಯಿಂದಲೇ ಆ ಪದ ಟೈಪ್ ಮಾಡಿ, ನಕಲು ತೆಗೆದು, ಹುಡುಕುವ ಕಿಂಡಿಯಲ್ಲಿ ಅಂಟಿಸಿದರೆ ಸಿಗುತ್ತದೆ. ನೋಡಲು ಅದು ಅರ್ಥವಿಲ್ಲದ ಅಕ್ಷರಗಳ ಸರ, ಆದರೆ ಕೆಲಸ ಆಗುತ್ತದೆ. ನಮ್ಮ ಕಡೆಯ ಡಿಟಿಪಿ ಅಂಗಡಿಯವರಿಗೂ ಇದನ್ನು ಹೇಳಿಕೊಟ್ಟಿದ್ದೇನೆ.

ಆ ಬಳಿಕ ಫೋಟೋರೆಕ್ ನನ್ನ ಪೆನ್‌ಡ್ರೈವಿನಲ್ಲಿ ಯಾವಾಗಲೂ ಇರುತ್ತದೆ. ಊರಿನ ಸ್ಟುಡಿಯೊ ಹುಡುಗನೊಬ್ಬ ಮದುವೆಯ ಮರುದಿನ ಕ್ಯಾಮೆರಾದಲ್ಲೇ ಕಾರ್ಡ್ ಫಾರ್ಮ್ಯಾಟ್ ಮಾಡಿಕೊಂಡು ಅಳುಮುಖದಲ್ಲಿ ಬಂದಿದ್ದ. ಧಾರೆಯ ಫೋಟೋಗಳು ಹೆಚ್ಚುಕಡಿಮೆ ಎಲ್ಲವೂ ಬಂದವು. ಕ್ಯಾಮೆರಾ ಫೋಟೋಗಳಿಗೆ ಇದಕ್ಕಿಂತ ಒಳ್ಳೆಯ ಉಚಿತ ಸಾಧನ ನಾನು ಕಂಡಿಲ್ಲ. ಇನ್ನೊಬ್ಬ ಶಿಕ್ಷಕಿ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಎಲ್ಲ ಹೋಯಿತೆಂದು ಕಂಪ್ಯೂಟರ್ ತಂದರು. ಫಾರ್ಮ್ಯಾಟ್ ಮಾಡದೆ ಹಾಕಿದ್ದರಿಂದ ಅವರ ಫೈಲುಗಳು ಸಿ ಡ್ರೈವಿನ 'ವಿಂಡೋಸ್.ಓಲ್ಡ್' ಫೋಲ್ಡರಿನಲ್ಲಿ ಸುಖವಾಗಿದ್ದವು. ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಆ ಫೋಲ್ಡರನ್ನು ಮೊದಲು ನೋಡಿ, ನೋಡಿದ ಕೂಡಲೇ ನಕಲು ಮಾಡಿಕೊಳ್ಳಿ. ಅಪ್‌ಗ್ರೇಡ್ ಆದ ಹತ್ತು ದಿನಕ್ಕೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ.

2022ರಲ್ಲಿ ಮಾತ್ರ ನಾನು ಸೋತೆ. ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪನ್ನು ಅಂಗಡಿಯವರು ಕೇಳದೆಯೇ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಟ್ಟಿದ್ದರು. ಒಳಗಿದ್ದದ್ದು ಎಸ್‌ಎಸ್‌ಡಿ, ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಬರೆದಿಡುವ ಹೊಸ ಬಗೆಯ ಡಿಸ್ಕ್. ಮಗಳ ನಾಮಕರಣದಿಂದ ಹಿಡಿದು ಏಳು ವರ್ಷದ ಚಿತ್ರಗಳು ಅದರಲ್ಲಿದ್ದವು. ರಾತ್ರಿಯಿಡೀ ಓಡಿಸಿದೆ. ವಿಂಡೋಸಿನ ಸ್ವಂತ ಚಿತ್ರಗಳನ್ನು ಬಿಟ್ಟು ಏನೂ ಬರಲಿಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸಿದರೆ, ಫಾರ್ಮ್ಯಾಟ್ ಮಾಡಿದರೆ, ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕಿಗೆ ಹೇಳಿಬಿಡುತ್ತದೆ. ಟ್ರಿಮ್ ಎನ್ನುವುದು ಇದನ್ನೇ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಸೊನ್ನೆಯೇ ಸಿಗುತ್ತದೆ. ಬೆಳಿಗ್ಗೆ ಅವರಿಗೆ ಫೋನ್ ಮಾಡಿ ಹೇಳುವಾಗ ನನ್ನ ಬಾಯಿ ಒಣಗಿತ್ತು. ಹಳೆಯ ತಿರುಗುವ ಡಿಸ್ಕಿನಲ್ಲಿ ನನಗೆ ಸಿಕ್ಕಿದ್ದು ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಗುತ್ತದೆಂದು ಯಾರೂ ನಂಬಿ ಕೂರಬೇಡಿ.

ಇಂದು ಅದೇ ಅನಾಹುತ ಆದರೆ ನಾನು ಫೋಟೋರೆಕ್ಕನ್ನು ಮೊದಲು ಓಡಿಸುವುದಿಲ್ಲ. ಕ್ವಿಕ್ ಫಾರ್ಮ್ಯಾಟಿನಲ್ಲಿ ಲೆಕ್ಕದ ಪುಸ್ತಕದ ಮೊದಲ ಹಾಳೆಗಳು ಹೋದರೂ ಉಳಿದ ಹಾಳೆಗಳು ಎಷ್ಟೋ ಸಲ ಉಳಿದಿರುತ್ತವೆ. ಡಿಎಂಡಿಇಯಂಥ ಸಾಧನ ಅವನ್ನು ಹುಡುಕಿ ಹೆಸರು, ಫೋಲ್ಡರ್ ಸಮೇತ ತರಬಲ್ಲದು, ಅದರ ಉಚಿತ ಆವೃತ್ತಿಯೇ ನನ್ನಂಥವರಿಗೆ ಸಾಕು. ಅದರಿಂದ ಆಗದಿದ್ದನ್ನು ಫೋಟೋರೆಕ್‌ಗೆ ಬಿಡುತ್ತೇನೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಎರಡನ್ನೂ ಮುಟ್ಟದೆ, ಹದಿನೆಂಟು ಸಾವಿರವಾದರೂ ಸರಿ, ಅಂಗಡಿಗೇ ಕೊಡುತ್ತೇನೆ. ಈಗ ಹಾಡುಗಳು ಎರಡು ಡಿಸ್ಕಿನಲ್ಲಿವೆ, ಒಂದು ನಮ್ಮ ಮನೆಯಲ್ಲಿ, ಒಂದು ಅಣ್ಣನ ಮನೆಯಲ್ಲಿ. ಎರಡಕ್ಕೂ 'ಹಾಡು' ಎಂದೇ ಹೆಸರಿಟ್ಟಿದ್ದೇನೆ.

196ರಲ್ಲಿ ಒಂದಕ್ಕೆ ಇನ್ನೂ ಫೋಟೋರೆಕ್ ಕೊಟ್ಟ ನಂಬರೇ ಇದೆ. ನಾಲ್ಕು ನಿಮಿಷದ ತೊಟ್ಟಿಲ ಹಾಡು, ಹಿಂದೆ ಹೆಂಚಿನ ಮೇಲೆ ಮಳೆ. ದನಿ ಯಾರದೆಂದು ನನಗೂ ನೆನಪಾಗುತ್ತಿಲ್ಲ, ಅಮ್ಮನಿಗೂ ತಿಳಿಯಲಿಲ್ಲ. ನಂಬರಿನ ಆಚೀಚೆ ಫೋಟೋಗಳಿಲ್ಲ. ರಾಗ ಸಿದ್ದಾಪುರದ ಕಡೆಯದು ಎಂದಷ್ಟೇ ಅಮ್ಮ ಹೇಳುತ್ತಾರೆ. ಅಲ್ಲಿ ಅವರ ಚಿಕ್ಕಮ್ಮ ಇದ್ದಾರೆ, ಎಂಬತ್ತಾರು ವರ್ಷ, ಕಿವಿ ಚೆನ್ನಾಗಿದೆ. ಬರುವ ಭಾನುವಾರ ಮೊಬೈಲಿನಲ್ಲಿ ಹಾಕಿಕೊಂಡು ಹೋಗುತ್ತಿದ್ದೇವೆ.