ಎಐ ಚಾಟ್‌ಬಾಟ್: ಪಠ್ಯ ಕೊಟ್ಟು ಕೇಳಿದರೆ ಒಳ್ಳೆಯದು, ನೆನಪಿನಿಂದ ಕೇಳಿದರೆ ಕಷ್ಟ

ದುಡ್ಡು ಕೊಟ್ಟು ಬಳಸುವ ಒಂದು ಎಐ ಚಾಟ್‌ಬಾಟ್ ಬಹಳ ದಿನಗಳಿಂದ ನನ್ನ ಓದು ಬರಹದ ಕೆಲಸದಲ್ಲಿದೆ. ಬಿಡುವ ಯೋಚನೆ ಇಲ್ಲ. ಆದರೆ ಇಲ್ಲದ್ದನ್ನು ಇದೆ ಅನ್ನುವ ಚಾಳಿ, ಅಂದರೆ ಹ್ಯಾಲುಸಿನೇಷನ್, ಹೊಸ ಆವೃತ್ತಿಗಳಲ್ಲಿ ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ.

ಜಾಸ್ತಿ ಕಾಟ ಆಕರಗಳನ್ನು ಕೇಳಿದಾಗ. ಒಮ್ಮೆ ಒಂದು ಸಂಶೋಧನಾ ಲೇಖನದ ವಿವರ ಕೇಳಿದೆ. ಶೀರ್ಷಿಕೆ, ಲೇಖಕರು, ಪತ್ರಿಕೆ, ಪುಟಸಂಖ್ಯೆ, ಡಿಒಐ (ಲೇಖನವನ್ನು ಅಂತರ್ಜಾಲದಲ್ಲಿ ಗುರುತಿಸುವ ಸಂಖ್ಯೆ) ಎಲ್ಲ ಕೊಟ್ಟಿತು. ಪತ್ರಿಕೆ ನಿಜ, ಲೇಖಕರೂ ಅದೇ ಕ್ಷೇತ್ರದವರು. ಡಿಒಐ ಹಾಕಿ ನೋಡಿದರೆ ಬೇರೆ ಯಾವುದೋ ಲೇಖನ ತೆರೆಯಿತು. ಆ ಶೀರ್ಷಿಕೆಯ ಲೇಖನ ಎಲ್ಲೂ ಸಿಗಲಿಲ್ಲ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರಿಗೆ 5,000 ಡಾಲರ್ ದಂಡ ಬಿದ್ದದ್ದೂ ಇಂಥದ್ದರಿಂದಲೇ. ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಅವರು ಕೋರ್ಟಿಗೆ ಸಲ್ಲಿಸಿದ್ದರು.

ಹೀಗಾಗಲು ಕಾರಣವಿದೆ. ಮುಂದೆ ಯಾವ ಪದ ಅಥವಾ ಪದದ ತುಣುಕು ಬರಬಹುದು ಎಂದು ಲೆಕ್ಕ ಹಾಕುವುದೇ ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿಯ (ಮಾಡೆಲ್) ಕೆಲಸ. ಡಿಒಐ ನೋಡಲು ಹೇಗಿರುತ್ತದೆ ಅನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು. ಆದರೆ ತರಬೇತಿಯಲ್ಲಿ ಅಪರೂಪಕ್ಕೆ ಕಂಡ ಒಂದು ಸಂಖ್ಯೆ ಸಾಮಾನ್ಯವಾಗಿ ಅದರಲ್ಲಿ ಉಳಿದಿರುವುದಿಲ್ಲ. 2025ರಲ್ಲಿ ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ ಕಂಪನಿಯ ಸಂಶೋಧಕರು ಇನ್ನೊಂದು ಕಾರಣ ಬರೆದರು. ಮಾದರಿಗಳನ್ನು ಅಳೆಯುವ ಹೆಚ್ಚಿನ ಪರೀಕ್ಷೆಗಳಲ್ಲಿ 'ಗೊತ್ತಿಲ್ಲ' ಅಂದರೆ ಸೊನ್ನೆ, ಊಹೆ ಸರಿಹೋದರೆ ಅಂಕ. ತಪ್ಪಿಗೆ ಅಂಕ ಕಳೆಯದಿದ್ದರೆ ಯಾರಾದರೂ ಊಹಿಸುತ್ತಾರೆ, ಅಲ್ವಾ? ನನಗೆ ಇದು ತುಂಬ ಮುಖ್ಯ ಅನಿಸಿತು.

ಈಗ ನಾನು ಕೇಳುವ ರೀತಿಯೇ ಬೇರೆ. ದಾಖಲೆಯನ್ನು ಅಂಟಿಸಿ, "ಇದರಲ್ಲಿ ಇರುವುದನ್ನಷ್ಟೇ ಹೇಳು, ಆಧಾರದ ವಾಕ್ಯವನ್ನು ಹಾಗೇ ಎತ್ತಿ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು" ಎಂದು ಬರೆಯುತ್ತೇನೆ. ಕೊಟ್ಟ ವಾಕ್ಯವನ್ನು ದಾಖಲೆಯಲ್ಲಿ ಹುಡುಕಿದರೆ ನಿಜವೋ ಸುಳ್ಳೋ ತಕ್ಷಣ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಅದು ನಿಜಕ್ಕೂ ಚೆನ್ನಾಗಿದೆ.

"ಖಂಡಿತಾನಾ?" ಎಂದು ಕೇಳಿ ಪ್ರಯೋಜನವಿಲ್ಲ. ಸರಿಯಾದ ಉತ್ತರಕ್ಕೂ ಎಷ್ಟೋ ಸಲ ಕ್ಷಮೆ ಕೇಳಿ ಬದಲಾಯಿಸಿಬಿಡುತ್ತದೆ. ಅದರ ಬದಲು ಹೊಸ ಚಾಟ್ ತೆರೆದು ಅದೇ ಪ್ರಶ್ನೆ ಹಾಕಿ. ಇಸವಿ, ಹೆಸರು ಪ್ರತಿ ಸಲ ಬದಲಾದರೆ ಅದು ಊಹೆ. ಬದಲಾಗದಿದ್ದರೂ ಸರಿ ಅಂತೇನಿಲ್ಲ, ಒಂದೇ ತಪ್ಪನ್ನು ಮತ್ತೆ ಮತ್ತೆ ಹೇಳುವುದೂ ಉಂಟು.

ವೆಬ್ ಹುಡುಕಾಟ ಸೇರಿಸಿದರೆ ಸುಧಾರಿಸುತ್ತದೆ. ಆದರೂ ಲಿಂಕ್ ತೆರೆದು ನೋಡಲೇಬೇಕು. ಪುಟ ಅಸಲಿಯಾಗಿದ್ದು, ಹೇಳಿದ ಅಂಕಿ ಅದರಲ್ಲಿ ಇಲ್ಲದೇ ಇರುವುದನ್ನು ಕಂಡಿದ್ದೇನೆ.

ನನ್ನ ದೊಡ್ಡ ದೂರು ಅದರ ದನಿಯ ಬಗ್ಗೆ. ಗೊತ್ತಿರುವುದನ್ನೂ ಊಹಿಸಿದ್ದನ್ನೂ ಒಂದೇ ಧೈರ್ಯದಿಂದ ಹೇಳುತ್ತದೆ. ಅನುಮಾನವಿರುವ ಸಾಲುಗಳನ್ನು ಅದೇ ಗುರುತು ಮಾಡಿ ತೋರಿಸುವಂತಾದರೆ, ಈಗಿನದಕ್ಕಿಂತ ಜಾಸ್ತಿ ದುಡ್ಡು ಕೊಡಲೂ ನಾನು ತಯಾರು.